ಪಾಳಿ ಬರುವುದರೊಳಗೆ ಚಹಾ ಬಂತು

ಶನಿವಾರ ಗದಗ ಹತ್ತಿರದ ನಮ್ಮ ಊರಿಗೆ ಹೋಗಿದ್ದೆ. ಚಿಗವ್ವ ಅಲ್ಲಿ ಅಂಗನವಾಡಿ ಕಾರ್ಯಕರ್ತೆ. ನಾನು ಹೋದಾಗ ಅವಳು ಬಾಗಿಲ ಹೊರಗೆ, ಬಿಸಿಲಲ್ಲಿ, ಒಬ್ಬ ಬಾಣಂತಿಯ ಮುಖಕ್ಕೆ ಮೊಬೈಲ್ ಹಿಡಿದು ನಿಂತಿದ್ದಳು. ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ. "ಕಣ್ಣ ಪಿಳುಕಿಸವಾ, ಇನ್ನೊಮ್ಮಿ ಪಿಳುಕಿಸು." ಬಾಣಂತಿ ಪಿಳುಕಿಸಿದಳು. ಆಗಲಿಲ್ಲ. ತಲೆ ಮೇಲಿನ ಸೆರಗು ಸರಿಸಿ ಮತ್ತೆ ಪಿಳುಕಿಸಿದಳು. ಕಂಕುಳಲ್ಲಿದ್ದ ಕೂಸು ಅಳೋಕೆ ಶುರು ಮಾಡಿತು. ಐದನೇ ಸಲಕ್ಕೆ ಆಯಿತು, ಆಮೇಲೆ ಆಹಾರದ ಪೊಟ್ಟಣ ಕೈಗೆ ಬಂತು. 2025ರ ಜುಲೈನಿಂದ ಮನೆಗೆ ಕೊಡುವ ಆಹಾರಕ್ಕೆ ಈ ಮುಖದ ಗುರುತು ಕಡ್ಡಾಯ. ಸಾಲಿನಲ್ಲಿ ಇನ್ನೂ ಆರು ಜನ ಇದ್ದರು.

ಇದನ್ನ ಮೇಲಿನವರಿಗೆ ಹೇಳಲಿಲ್ವಾ ಅಂತ ಕೇಳಿದೆ.

"ಹೇಳಾಕಂತನ ಹೋಗಿದ್ನೆಪಾ. ಮೀಟಿಂಗಿನ್ಯಾಗ ನಾವು ನಲವತ್ತು ಮಂದಿ. ನನ್ನ ಪಾಳಿ ಬರೂದ್ರಾಗ ಚಹಾ ಬಂತು. ಚಹಾ ಕುಡುದು ಎಲ್ಲಾರೂ ಎದ್ರು."

ಸಿಟ್ಟಿಲ್ಲದೆ ಹೇಳಿದಳು. ಚಿಗವ್ವ ಯಾವತ್ತೂ ಹಾಗೇ, ತನಗೆ ಆದದ್ದನ್ನು ಪಕ್ಕದ ಮನೆಯವರಿಗೆ ಆದ ಹಾಗೆ ಹೇಳುತ್ತಾಳೆ. ಆ ಮೀಟಿಂಗ್ ನಡೆಸಿದವರು ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ನಲವತ್ತು ಜನರನ್ನು ದೂರದಿಂದ ಕರೆಸಿ, ಹತ್ತು ಜನರ ಮಾತು ಕೇಳಿ ಕಳಿಸುವುದು ಸರಿಯಲ್ಲ. ಅವಳು ಆವತ್ತು ಕೇಂದ್ರವನ್ನು ಸಹಾಯಕಿಗೆ ಒಪ್ಪಿಸಿ, ಎರಡು ಬಸ್ ಬದಲಿಸಿ ಹೋಗಿದ್ದಳು.

ನಾನು ಸಂಸತ್ತಿನ ಸುದ್ದಿ ಬಿಡದೆ ಓದುವವನು. ಹಾಗಾಗಿ ಅವಳಿಗೆ ಸ್ಥಾಯಿ ಸಮಿತಿ, ಅಂದರೆ ಒಂದೊಂದು ಇಲಾಖೆಯ ಕೆಲಸ ನೋಡುವ ಸಂಸದರ ಗುಂಪಿನ ಬಗ್ಗೆ ಹೇಳಿದೆ. ಸದನದಲ್ಲಿ ಗದ್ದಲ ಆಗುತ್ತೆ, ಟೀವಿಯಲ್ಲಿ ಬರುತ್ತೆ. ನಿಜವಾದ ಕೆಲಸ ಮುಚ್ಚಿದ ಕೋಣೆಯಲ್ಲಿ ನಡೆಯುತ್ತೆ. ಅಲ್ಲಿ ಅಧಿಕಾರಿಗಳನ್ನು ಕೂರಿಸಿ ಪ್ರಶ್ನೆ ಕೇಳ್ತಾರೆ, ಇಲಾಖೆ ಕೇಳುವ ದುಡ್ಡಿನ ಲೆಕ್ಕ ನೋಡ್ತಾರೆ, ಮಸೂದೆ ಓದ್ತಾರೆ. ಮಂತ್ರಿಗಳು ಅದರ ಸದಸ್ಯರಾಗುವ ಹಾಗಿಲ್ಲ. ನಿನ್ನ ಅಂಗನವಾಡಿ ವಿಷಯಕ್ಕೂ ಒಂದು ಸಮಿತಿ ಇದೆ ಅಂದೆ.

"ಎಷ್ಟ ಮಂದಿ ಇರ್ತಾರ?"

"31. ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಇನ್ನೂ ಜಾಸ್ತಿ ಮಾಡಬೇಕು ಅಂತ ನನ್ನ ಅಭಿಪ್ರಾಯ."

ಅವಳು ರಿಜಿಸ್ಟರ್‌ನಿಂದ ತಲೆ ಎತ್ತದೆ ಹೇಳಿದಳು: "ಜಾಸ್ತಿ ಮಂದಿ ಆದ್ರ ಅಲ್ಲೂ ಪಾಳಿ ಬರೂದ್ರಾಗ ಚಹಾ ಬರ್ತೈತಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಇದೇ ಮಾತು. ರಾತ್ರಿ ಮಲಗಿದಾಗಲೂ ಇದೇ. ನನ್ನ ಅಭಿಪ್ರಾಯ ಸುಮ್ನೆ ಹುಟ್ಟಿದ್ದಲ್ಲ. 2024ರ ಡಿಸೆಂಬರಿನಲ್ಲಿ ಒಂದು ದೇಶ ಒಂದು ಚುನಾವಣೆ ಮಸೂದೆಗೆ ಜಂಟಿ ಸಮಿತಿ ಮಾಡಿದಾಗ ಮೊದಲು 31 ಜನ ಅಂದಿದ್ದರು, ಆಮೇಲೆ 39ಕ್ಕೆ ಏರಿಸಿದರು. ನನಗೆ ಆಗ ಖುಷಿಯಾಗಿತ್ತು. ಸಣ್ಣ ಪಕ್ಷಗಳಿಗೂ ಕುರ್ಚಿ ಸಿಗಬೇಕು ಅಲ್ವಾ? ಒಂದೇ ಮಸೂದೆ ನೋಡಿ ಮುಗಿಸುವ ಸಮಿತಿಗೆ ಅದು ಈಗಲೂ ಸರಿ ಅನ್ಸುತ್ತೆ. ವರ್ಷವಿಡೀ ನಡೆಯುವ ಸ್ಥಾಯಿ ಸಮಿತಿಗೂ ಅದೇ ಸರಿ ಅಂದುಕೊಂಡಿದ್ದೆ.

ಭಾನುವಾರ ಪೆನ್ನು ಹಿಡಿದು ಲೆಕ್ಕ ಹಾಕಿದೆ. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಶುರುವಾದಾಗ ಇದ್ದದ್ದು 17. ಒಂದೊಂದರಲ್ಲಿ 45 ಜನ. 2004ರಲ್ಲಿ ಸಮಿತಿಗಳನ್ನು 24 ಮಾಡಿದರು, ಒಂದೊಂದರ ಸದಸ್ಯರನ್ನು 31ಕ್ಕೆ ಇಳಿಸಿದರು. 17ನ್ನು 45ರಿಂದ ಗುಣಿಸಿದರೆ 765. 24ನ್ನು 31ರಿಂದ ಗುಣಿಸಿದರೆ 744. ಒಟ್ಟು ಕುರ್ಚಿ ಹೆಚ್ಚುಕಡಿಮೆ ಅಷ್ಟೇ! ಅದೇ ಜನರನ್ನು ಜಾಸ್ತಿ ಮೇಜುಗಳಿಗೆ ಹಂಚಿದರು, ಅಷ್ಟೆ. ಎರಡು ಗಂಟೆಯ ಸಭೆ ಅಂದುಕೊಳ್ಳಿ. 45 ಜನ ಇದ್ದರೆ ತಲೆಗೆ ಮೂರು ನಿಮಿಷವೂ ಇಲ್ಲ. 31 ಇದ್ದರೆ ನಾಲ್ಕು ನಿಮಿಷದ ಹತ್ತಿರ. ಅದರಲ್ಲೇ ಅಧಿಕಾರಿಗಳ ಉತ್ತರವೂ ಆಗಬೇಕು. ಚಿಗವ್ವ ಒಂದೇ ಮಾತಲ್ಲಿ ಹೇಳಿದ್ದನ್ನು ನಾನು ಇಷ್ಟು ವರ್ಷ ಪೇಪರ್ ಓದಿಯೂ ಕಂಡಿರಲಿಲ್ಲ.

ಈ ಪ್ರಶ್ನೆ ಇವತ್ತಲ್ಲ ನಾಳೆ ದೊಡ್ಡದಾಗಿ ಬಂದೇ ಬರುತ್ತೆ. 2023ರಲ್ಲಿ ತೆರೆದ ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಆಸನಗಳಿವೆ, ರಾಜ್ಯಸಭೆಯಲ್ಲಿ 384. ಈಗಿರುವ ಸಂಸದರ ಸ್ಥಾನಗಳು 543 ಮತ್ತು 245. ಕ್ಷೇತ್ರಗಳು ಹೆಚ್ಚಾದರೆ ಹೊಸಬರನ್ನು ಎಲ್ಲಿ ಕೂರಿಸುತ್ತಾರೆ? ಇರುವ ಸಮಿತಿಗೇ ಹತ್ತಿಪ್ಪತ್ತು ಕುರ್ಚಿ ಎಳೆದು ಹಾಕೋದು ಸುಲಭ. ದಯವಿಟ್ಟು ಹಾಗೆ ಮಾಡಬಾರದು. ಅಂಗನವಾಡಿಯನ್ನು ನೋಡುವ ಸಮಿತಿಯ ಹೆಸರನ್ನೇ ಓದಿ: ಶಿಕ್ಷಣ, ಮಹಿಳೆ, ಮಕ್ಕಳು, ಯುವಜನ ಮತ್ತು ಕ್ರೀಡೆ. ಊರ ಶಾಲೆಯೂ ಅದಕ್ಕೇ, ವಿಶ್ವವಿದ್ಯಾಲಯವೂ ಅದಕ್ಕೇ, ಒಲಿಂಪಿಕ್ಸ್ ತಯಾರಿಯೂ ಅದಕ್ಕೇ, ಬಿಸಿಲಲ್ಲಿ ಕಣ್ಣು ಪಿಳುಕಿಸುವ ಬಾಣಂತಿಯೂ ಅದಕ್ಕೇ. ಇದನ್ನು ಒಡೆದು ಎರಡು ಮಾಡಿ. ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಅಂತಲೇ ಒಂದು ಮೇಜು ಹಾಕಿ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತೆ. ಸಮಿತಿಯ ಅವಧಿ ಒಂದೇ ವರ್ಷ. ಇಲಾಖೆ ಅರ್ಥ ಆಗುವಷ್ಟರಲ್ಲಿ ಸಮಿತಿ ಮತ್ತೆ ರಚನೆಯಾಗುತ್ತೆ. ಕೋರಂಗೆ, ಅಂದರೆ ಸಭೆ ನಡೆಸೋಕೆ, ಮೂರನೇ ಒಂದು ಭಾಗ ಸದಸ್ಯರು ಬಂದರೆ ಸಾಕು, 31ರಲ್ಲಿ 11 ಜನ. ಬಾರದವರ ಕುರ್ಚಿ ಖಾಲಿ ಇರುವಾಗ ಹೊಸ ಕುರ್ಚಿ ಯಾಕೆ ಬೇಕು? ಸಭೆಗೆ ಹೋಗದ ಸಂಸದರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಚಿಗವ್ವ ಪಾಳಿಗಾಗಿ ಎರಡು ಬಸ್ ಬದಲಿಸಿದಳು. ಇವರಿಗೆ ಪಾಳಿ ಹುಡುಕಿಕೊಂಡು ಬರುತ್ತೆ.

ಕೇಂದ್ರ ಸರ್ಕಾರ ಅಂಗನವಾಡಿ ಕಾರ್ಯಕರ್ತೆಯರ ಗೌರವಧನದಲ್ಲಿ ತನ್ನ ಪಾಲನ್ನು 3,000 ರೂಪಾಯಿಯಿಂದ 4,500ಕ್ಕೆ ಏರಿಸಿದ್ದು 2018ರಲ್ಲಿ. ಆಗ ಅವಳ ಕೈಯಲ್ಲಿ ರಿಜಿಸ್ಟರ್ ಇತ್ತು. ಈಗ ರಿಜಿಸ್ಟರೂ ಇದೆ, ಮೊಬೈಲೂ ಇದೆ.

ನಿನ್ನೆ ರಾತ್ರಿ ಅವಳಿಗೆ ಫೋನ್ ಮಾಡಿದೆ. ಸಮಿತಿಗಳು ಜನರಿಂದ ಸಲಹೆ ಕರೆದಾಗ ಸಾಮಾನ್ಯವಾಗಿ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆದು ಕಳಿಸಿ ಅನ್ನುತ್ತಾರೆ, ಅವಳಿಗೆ ಎರಡೂ ಬರಲ್ಲ. ಹಾಗಾಗಿ ಸದ್ಯಕ್ಕೆ ನಮ್ಮ ಸಂಸದರಿಗೇ ಕನ್ನಡದಲ್ಲಿ ಪತ್ರ ಬರೆಯೋಣ, ನೀನು ಹೇಳು, ನಾನು ಬರೀತೀನಿ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಎಷ್ಟ ಹೊತ್ತು ಮಾತಾಡಬಹುದು?"

ಎಷ್ಟು ಬೇಕಾದರೂ ಅಂದೆ. ನಲವತ್ತು ನಿಮಿಷ ಮಾತಾಡಿದಳು. ಮೂರು ಪುಟ ಆಗಿದೆ, ಇನ್ನೂ ಮುಗಿದಿಲ್ಲ.