ಜಾಮೀನು ಸಹಿಯೂ ಸಿಬಿಲ್‌ನಲ್ಲಿರುತ್ತದೆ

ಮೊಬೈಲ್‌ನಲ್ಲಿ ಸಿಬಿಲ್ ಸ್ಕೋರ್, ಅಂದರೆ ನಮ್ಮ ಸಾಲದ ಚರಿತ್ರೆಗೆ ಸಿಗುವ ಅಂಕ ನೋಡಿ ‘ಏಳುನೂರಾ ಚಿಲ್ಲರೆ ಇದೆ, ಪರವಾಗಿಲ್ಲ’ ಎಂದು ಸುಮ್ಮನಾಗುವವರಿಗೆ ನಾನು ಹೇಳುವುದು ಒಂದೇ: ಪೂರ್ತಿ ವರದಿ ತೆಗೆದು ಓದಿ. ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತಳಾದವಳು ನಾನು. ಅರ್ಜಿ ಬಂದಾಗ ಮೊದಲು ಸ್ಕೋರ್ ನೋಡುತ್ತಿದ್ದೆವು, ನಿಜ. ಸಾಲ ಕೊಡಬೇಕೋ ಬೇಡವೋ ಎಂಬ ಚರ್ಚೆ ಮಾತ್ರ ಒಳಗಿನ ಪುಟಗಳನ್ನು ಮುಂದಿಟ್ಟುಕೊಂಡೇ ನಡೆಯುತ್ತಿತ್ತು.

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ಸಾಮಾನ್ಯವಾಗಿ ತಕರಾರಿರುವುದಿಲ್ಲ. ಎಲ್ಲರೂ ಸಿಬಿಲ್ ಅನ್ನುತ್ತೇವಾದರೂ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ, ಜನರ ಸಾಲದ ದಾಖಲೆ ಇಡುವ ಇನ್ನೂ ಮೂರು ಕಂಪನಿಗಳಿವೆ. ವರ್ಷಕ್ಕೊಮ್ಮೆ ನಾಲ್ಕೂ ಕಂಪನಿಗಳು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. 2017ರಿಂದ ರಿಸರ್ವ್ ಬ್ಯಾಂಕಿನ ನಿಯಮವಿದು. ನಮ್ಮ ವರದಿ ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಒಂದೇ ತಿಂಗಳಲ್ಲಿ ಐದಾರು ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಇಳಿಯುತ್ತದೆ.

ಇಷ್ಟೆಲ್ಲ ಯಾಕೆ ಮುಖ್ಯ ಅಂದರೆ, ಬಡ್ಡಿ. ಮೂವತ್ತು ಲಕ್ಷದ ಗೃಹಸಾಲ, ಇಪ್ಪತ್ತು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ಶೇ 8.5ರ ಬಡ್ಡಿಗೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಸ್ಕೋರ್ ಕಡಿಮೆ ಎಂದು ಶೇ 9 ಹಾಕಿದರೆ 26,992. ಅರ್ಧ ಪರ್ಸೆಂಟಿಗೆ ಸಾಲ ಮುಗಿಯುವಷ್ಟರಲ್ಲಿ ಸುಮಾರು ಎರಡು ಲಕ್ಷದ ಮೂವತ್ತು ಸಾವಿರ ಹೆಚ್ಚು ಕಟ್ಟಿರುತ್ತೀರಿ.

ನಮ್ಮ ಬೀದಿಯ ಹೈಸ್ಕೂಲ್ ಮೇಷ್ಟ್ರೊಬ್ಬರು ಮನೆ ಸಾಲದ ಅರ್ಜಿ ವಾಪಸ್ ಬಂತೆಂದು ವರದಿ ಹಿಡಿದುಕೊಂಡು ಬಂದರು. “ಒಂದ್ರೂಪಾಯಿ ಸಾಲ ಉಳಿಸ್ಕೊಂಡೋನಲ್ಲ ಮೇಡಂ ನಾನು” ಅಂದರು. ಆ ಮಾತು ಸತ್ಯ. ಅವರ ಬೈಕ್ ಸಾಲದ ಕೆಳಗೆ ತಿಂಗಳುಗಳ ಪುಟ್ಟ ಚೌಕಗಳಲ್ಲಿ ಸಾಲಾಗಿ 000, 000, 000. ಅಂದರೆ ಒಂದು ದಿನವೂ ತಡವಾಗಿಲ್ಲ. ಪುಟ ತಿರುಗಿಸಿದರೆ ಇನ್ನೊಂದು ವಾಹನ ಸಾಲ. ಅದರ ಚೌಕಗಳಲ್ಲಿ 030, 061, 091. ಕಂತು ಅಷ್ಟಷ್ಟು ದಿನ ಬಾಕಿ. ‘ಇದು ನಂದಲ್ಲ’ ಎಂದು ಅವರು ಕೈ ಹಿಂದೆಗೆದುಕೊಂಡರು. ಮೇಲಿನ ಸಾಲು ತೋರಿಸಿದೆ. ಖಾತೆ ಯಾರದು ಎಂಬಲ್ಲಿ ‘ಗ್ಯಾರಂಟರ್’ ಎಂದಿತ್ತು. ಸಹೋದ್ಯೋಗಿಯ ಕಾರಿಗೆ ಸ್ಟಾಫ್ ರೂಮಿನಲ್ಲಿ ಕೂತು ಹಾಕಿದ ಜಾಮೀನು ಸಹಿ.

ಆ ಸಹಿ ಹಾಕಿಸಿಕೊಂಡವರು ಇದನ್ನು ಅವರಿಗೆ ಬಿಡಿಸಿ ಹೇಳಬೇಕಿತ್ತು. ಹೇಳಿರಲಿಲ್ಲ. ನಮ್ಮಲ್ಲಿ ಜಾಮೀನು ಎಂದರೆ ದಾಕ್ಷಿಣ್ಯ. ಭಾವನಿಗೆ, ಗೆಳೆಯನಿಗೆ ಇಲ್ಲ ಅನ್ನಲಾಗುವುದಿಲ್ಲ. ಆದರೆ ಅವರು ಕಂತು ತಪ್ಪಿಸಿದರೆ ನಿಮ್ಮ ಸ್ಕೋರೂ ಬೀಳುತ್ತದೆ. ಸಹಿ ಹಾಕಲೇಬೇಕಾಗಿ ಬಂದರೆ ಕಂತು ಕಟ್ಟಿದ ಮೆಸೇಜನ್ನು ತಿಂಗಳು ತಿಂಗಳು ಕೇಳಿ ನೋಡಿ. ಕೇಳಲು ಸಂಕೋಚವೇನೂ ಬೇಡ.

ಇನ್ನೊಂದು ಪದ ‘ಸೆಟಲ್ಡ್’. ಕ್ರೆಡಿಟ್ ಕಾರ್ಡ್ ಬಾಕಿ ಅರವತ್ತು ಸಾವಿರ ಇದ್ದಾಗ ವಸೂಲಿಯವರು ಫೋನ್ ಮಾಡಿ ‘ಇಪ್ಪತ್ತೈದು ಕಟ್ಟಿ, ಮುಗಿಸಿಬಿಡೋಣ’ ಅನ್ನುತ್ತಾರೆ. ಕಟ್ಟಿದವರಿಗೆ ನೆಮ್ಮದಿ. ವರದಿಯಲ್ಲಿ ಮಾತ್ರ ‘ಕ್ಲೋಸ್ಡ್’ ಅನ್ನುವ ಜಾಗದಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ‘ಪೂರ್ತಿ ಕಟ್ಟಿಲ್ಲ’ ಎಂದೇ ಓದುತ್ತಾರೆ. ಕೈಲಾದರೆ ಉಳಿದದ್ದನ್ನೂ ಕಟ್ಟಿ, ಬಾಕಿ ಇಲ್ಲ ಎಂಬ ನೋ ಡ್ಯೂ ಪತ್ರ ಪಡೆದು ಅದನ್ನು ತಿದ್ದಿಸಿಕೊಳ್ಳಿ.

ಇದುವರೆಗೆ ಸಾಲವನ್ನೇ ಮಾಡದವರು ಹೆದರಬೇಕಿಲ್ಲ. ಚರಿತ್ರೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಾಲದ ಅರ್ಜಿ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ.

ವರದಿಯಲ್ಲಿ ನಿಜವಾಗಿಯೂ ತಪ್ಪಿದ್ದರೆ, ತೀರಿಸಿದ ಸಾಲ ಇನ್ನೂ ಬಾಕಿ ಎಂದಿದ್ದರೆ, ಆ ಕಂಪನಿಯ ವೆಬ್‌ಸೈಟಿನಲ್ಲೇ ದೂರು ಕೊಡಿ. ದುಡ್ಡು ಕೊಡಬೇಕಿಲ್ಲ. ಮೂವತ್ತು ದಿನದೊಳಗೆ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೂ ನೂರು ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. 2024ರಿಂದ ಈ ನಿಯಮವಿದೆ. ಅಲ್ಲೂ ನ್ಯಾಯ ಸಿಗದಿದ್ದರೆ ದೂರು ವಿಚಾರಿಸಲು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಮೇಷ್ಟ್ರ ವರದಿಯಲ್ಲಿದ್ದದ್ದು ತಪ್ಪು ನಮೂದಲ್ಲ, ಆದ್ದರಿಂದ ದೂರು ಕೊಟ್ಟು ಫಲವಿರಲಿಲ್ಲ. ಸಹೋದ್ಯೋಗಿಯ ಮನೆಗೆ ಹೋಗಿ ಬಾಕಿ ಕಟ್ಟಿಸುವುದೊಂದೇ ದಾರಿ ಎಂದೆ. ಅದಕ್ಕೆ ಮೊದಲೇ ಯಾರೋ ಏಜೆಂಟ್ ಎಂಟು ಸಾವಿರ ಕೊಟ್ಟರೆ ‘ಸಿಬಿಲ್ ಕ್ಲಿಯರ್’ ಮಾಡಿಕೊಡುತ್ತೇನೆ ಎಂದಿದ್ದನಂತೆ. ಆ ದುಡ್ಡನ್ನೂ ಕಂತಿಗೇ ಹಾಕಿ ಎಂದು ಹೇಳಿ ಕಳಿಸಿದೆ.