ಜೆತ್ರೋ ಟಲ್ ಬಿತ್ತನೆ ಯಂತ್ರದ ಮಾದರಿ: ಉರುಳೆ ಕೂತಿತು, ಬೀಜ ಬೀಳ್ತಿದೆ

ಈ ವಾರ ಮಾದರಿಗೆ ಜೀವ ಬಂತು. ಪೆಟ್ಟಿಗೆ, ಚಕ್ರ, ಅಚ್ಚು ಎಲ್ಲ ಕೂಡಿಸಿ ತಳ್ಳಿದರೆ ಬೀಜ ಸಾಲಾಗಿ ಬೀಳುತ್ತಿದೆ. ಇಂಗ್ಲೆಂಡಿನ ಟಲ್ 1701ರಲ್ಲಿ ರೂಪಿಸಿದ, ಕುದುರೆ ಎಳೆಯುವ ಯಂತ್ರ ಇದು. ನನ್ನದು ಮೇಜಿನ ಮೇಲಿಡುವಷ್ಟು ಚಿಕ್ಕದು, ಅದಕ್ಕೇ ಗೋಧಿಯ ಬದಲು ಸಾಸಿವೆ ಹಾಕಿದ್ದೇನೆ.

ಜಾಸ್ತಿ ಹೊತ್ತು ಹಿಡಿದದ್ದು ಉರುಳೆ. ಚಕ್ರದ ಅಚ್ಚಿನ ಜೊತೆಗೇ ತಿರುಗುವ ಈ ಮರದ ಉರುಳೆಯ ಮೈಮೇಲೆ ಸಣ್ಣ ಕುಳಿಗಳಿರುತ್ತವೆ, ಒಂದೊಂದು ಕುಳಿಯೂ ಮೇಲಿನ ಪೆಟ್ಟಿಗೆಯಿಂದ ಬೀಜ ತುಂಬಿಕೊಂಡು ಬಂದು ಕೆಳಗೆ ಸುರಿಯುತ್ತದೆ. ಪಕ್ಕದಲ್ಲಿ ಹಿತ್ತಾಳೆಯ ನಾಲಿಗೆ, ಅದರ ಹಿಂದೆ ಸ್ಪ್ರಿಂಗ್. ಕುಳಿಗೆ ಮಿಕ್ಕಿದ ಬೀಜವನ್ನು ನಾಲಿಗೆ ತಡೆಯುತ್ತದೆ, ಬೀಜ ಸಿಕ್ಕಿಕೊಂಡರೆ ತಾನೇ ಹಿಂದೆ ಸರಿಯುತ್ತದೆ, ಹಾಗಾಗಿ ಕಾಳು ಜಜ್ಜುವುದಿಲ್ಲ. ಟಲ್‌ಗೆ ಇದು ಹೊಳೆದದ್ದು ಆರ್ಗನ್ ವಾದ್ಯದ ಒಳಗಿನ ನಾಲಿಗೆ, ಸ್ಪ್ರಿಂಗ್ ನೋಡಿ. ವಕೀಲಿಕೆ ಓದಿದವನು, ಸಂಗೀತ ಬಲ್ಲವನು. ಎಂಥ ತಲೆ ನೋಡಿ!

ನಮ್ಮ ಕೂರಿಗೆಯೂ ಸಾಲಿನಲ್ಲೇ ಬಿತ್ತುತ್ತದೆ ಅಲ್ವಾ, ಅದೂ ಬಹಳ ಹಿಂದಿನಿಂದ. ಬಟ್ಟಲು, ಬಿದಿರಿನ ಕೊಳವೆ, ನೆಲ ಸೀಳುವ ತಾಳು ಎಲ್ಲ ಇವೆ. ಆದರೆ ಅಲ್ಲಿ ಬೀಜದ ಅಳತೆ ಬಟ್ಟಲಿಗೆ ಬೀಜ ಬಿಡುವವರ ಕೈಯಲ್ಲಿದೆ, ಎತ್ತಿನ ನಡಿಗೆಗೆ ತಕ್ಕಂತೆ ಆ ಕೈ ಆಡಬೇಕು. ಟಲ್ ಆ ಕೆಲಸವನ್ನು ಚಕ್ರಕ್ಕೆ ಒಪ್ಪಿಸಿದ. ಕುದುರೆ ನಿಧಾನ ನಡೆದರೆ ಉರುಳೆಯೂ ನಿಧಾನ, ಜೋರಾದರೆ ಜೋರು. ಉದ್ದನೆಯ ಕಾಗದ ಹಾಸಿ ಎರಡೂ ವೇಗದಲ್ಲಿ ತಳ್ಳಿ ನೋಡಿದೆ, ಬೀಜದ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಬಂತು. ನನ್ನ ಪ್ರಕಾರ ಈ ಯಂತ್ರದ ನಿಜವಾದ ಹೊಸತನ ಇದೇ.

ಅವನಿಗೆ ಇದರ ಅಗತ್ಯವೂ ಇತ್ತು. ಸೈನ್‌ಫಾಯಿನ್ ಅನ್ನುವ ಮೇವಿನ ಬೆಳೆಯ ಬೀಜ ದುಬಾರಿ, ಅದನ್ನು ಸುಮ್ನೆ ಎರಚುವುದು ದಂಡ. ತಾನು ಹೇಳಿದಂತೆ ಸಾಲಿನಲ್ಲಿ ಬಿತ್ತಲು ಆಳುಗಳು ಒಪ್ಪಲಿಲ್ಲ. ಸಾಲು ಬಂದ ಮೇಲೆ ನಡುವೆ ಕುದುರೆಯಿಂದಲೇ ಎಡೆ ಹೊಡೆಸಬಹುದು, ಅಂದರೆ ಮಣ್ಣು ಸಡಿಲಿಸಿ ಕಳೆ ತೆಗೆಸಬಹುದು, ಅನ್ನುವುದು ಅವನ ದೊಡ್ಡ ಆಸೆ. ಗೊಬ್ಬರವೇ ಬೇಡ, ಎಡೆ ಹೊಡೆದರೆ ಸಾಕು ಅಂತಲೂ ವಾದಿಸಿದ. ಅದು ಮಾತ್ರ ತಪ್ಪು.

ಈಗ ಆಗಿರುವುದು ಒಂದೇ ಸಾಲಿನ ಪೆಟ್ಟಿಗೆ, ಅವನದು ಮೂರು ಸಾಲಿನದು. ಉಳಿದೆರಡಕ್ಕೆ ತೇಗದ ತುಂಡು ಕೊಯ್ದಿಟ್ಟಿದ್ದೇನೆ. ಅದಾದ ಮೇಲೆ ಬಿದ್ದ ಬೀಜಕ್ಕೆ ಮಣ್ಣು ಮುಚ್ಚುವ ಹಿಂದಿನ ಹಲುಬೆ, ಆಮೇಲೆ ನೊಗಕ್ಕೆ ಬದಲಾಗಿ ಕುದುರೆ ಕಟ್ಟುವ ಎರಡು ಕೋಲು.