ಗಿಡ್ಡ ಕಡಸಿಗೆ ಹಗ್ಗ ಹಾಕಿದ ದಿನ

ಮಲೆನಾಡು ಗಿಡ್ಡ ಎಂಬ ನಾಡತಳಿಯ ಕಡಸಿಗೆ ಹಗ್ಗ ಹಾಕುವುದು ಅಂಥ ಕಷ್ಟದ ಕೆಲಸವಲ್ಲ. ನಾಲ್ಕು ಗಟ್ಟಿ ಆಳುಗಳಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಮರುದಿನವೂ ಅದು ನಮ್ಮನ್ನು ಕಂಡು ಓಡದಂತೆ ಹಾಕುವುದು ಕಷ್ಟ. ಮಳೆಗಾಲ ಮುಗಿದು ಗುಡ್ಡೆಯ ಹುಲ್ಲು ಒಣಗತೊಡಗಿದ ಹೊತ್ತಿಗೆ ಉಡುಪಿ ಜಿಲ್ಲೆಯ ಪೆರ್ಡೂರು ಕಡೆಯ ಒಂದು ಮನೆಯಲ್ಲಿ ಕೆಂಪಿ ಎಂಬ ಎರಡು ವರ್ಷದ ಕಡಸಿಗೆ ಮೊದಲ ಸಲ ಹಗ್ಗ ಹಾಕಿದ ದಿನದ ವಿವರ ಇದು. ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಸದ್ಯದಲ್ಲೇ ಊರಿಗೆ ಬರುವವರಿದ್ದರು. ಬೆಳಿಗ್ಗೆ ತಾಯಿಯ ಜೊತೆ ಗುಡ್ಡೆಗೆ, ಸಂಜೆ ಹಟ್ಟಿಗೆ, ಇಷ್ಟೇ ಕೆಂಪಿಯ ದಿನಚರಿ. ಮನುಷ್ಯರ ಕೈ ಮೈಗೆ ತಾಗಿದ್ದೇ ಅಪರೂಪ.

ಈ ತಳಿಯನ್ನು ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಪ್ರತ್ಯೇಕ ತಳಿ ಎಂದು ಗುರುತಿಸಿದ್ದು 2012ರಲ್ಲಿ. ಎತ್ತರ ಮೂರು ಅಡಿ ಆಸುಪಾಸು, ತೂಕವೂ ಕಡಿಮೆ. ಆದರೆ ಚುರುಕು ಮಾತ್ರ ವಿಪರೀತ. ಗುಡ್ಡೆಯಲ್ಲಿ ತಾನೇ ಮೇದು, ತಾನೇ ದಾರಿ ಹುಡುಕಿ, ಚಿರತೆಯ ವಾಸನೆಗೆ ಕಿವಿ ನಿಮಿರಿಸಿ ಬದುಕಿಕೊಂಡು ಬಂದ ದನ ಇದು. ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಎಂಬ ವಿದೇಶಿ ತಳಿಗಳನ್ನು ಸಾಕಿ ಅಭ್ಯಾಸವಾದವರು ಗಿಡ್ಡವನ್ನು "ಪುಂಡು ದನ" ಎಂದುಬಿಡುತ್ತಾರೆ. ಅದು ಪುಂಡಾಟವಲ್ಲ, ಎಚ್ಚರ. ಈ ವ್ಯತ್ಯಾಸ ತಿಳಿಯದಿದ್ದರೆ ಪಳಗಿಸುವ ಕೆಲಸಕ್ಕೆ ಕೈ ಹಾಕಬಾರದು.

ನಮ್ಮ ಕಡೆ ರೂಢಿಯಲ್ಲಿರುವ ಕ್ರಮ ಎಲ್ಲರಿಗೂ ಗೊತ್ತು. ಜಾರುಗಂಟಿನ ಹಗ್ಗ ಕುತ್ತಿಗೆಗೆ ಎಸೆಯುವುದು, ಕಂಬಕ್ಕೆ ಸುತ್ತಿ ಎಳೆಯುವುದು, ಬಾಲ ತಿರುಚುವುದು, ಮೂಗಿನ ಹೊಳ್ಳೆಗೆ ಬೆರಳು ಹಾಕಿ ತಲೆ ತಿರುಗಿಸುವುದು. ದನ ಬಿದ್ದು ಏದುಸಿರು ಬಿಟ್ಟು ಸುಮ್ಮನಾಗುತ್ತದೆ. ಅದನ್ನು ಪಳಗಿತು ಎಂದು ತಿಳಿಯುವವರಿದ್ದಾರೆ. ನಿಜಕ್ಕೂ ಅದು ಭಯದಿಂದ ಮರಗಟ್ಟಿದ ಸ್ಥಿತಿ. ಒಮ್ಮೆ ಹೀಗೆ ಗಾಬರಿಯಾದ ದನದ ಎದೆಬಡಿತ ಮೊದಲಿನಂತಾಗಲು 20ರಿಂದ 30 ನಿಮಿಷ ಬೇಕು. ಆ ಹೊತ್ತಿನಲ್ಲಿ ಅದಕ್ಕೆ ಏನನ್ನೂ ಕಲಿಸಲಾಗದು. ಆದರೆ ಹೆದರಿಸಿದವರ ಮುಖ, ಅಂಗಿಯ ಬಣ್ಣ, ಆ ಜಾಗ ಎಲ್ಲವೂ ಅದರ ನೆನಪಿನಲ್ಲಿ ಉಳಿಯುತ್ತವೆ. ಇದರ ನಷ್ಟ ಕಾಣುವುದು ಕರು ಹಾಕಿದ ಮೇಲೆ. ಹೆದರಿದ ದನ ಹಾಲು ಸೊರ ಬಿಡುವುದಿಲ್ಲ. ಕೆಚ್ಚಲಿನಿಂದ ಹಾಲು ಇಳಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನಿಗೆ ಅಡ್ಡಿ ಮಾಡುವುದು ಇದೇ ಗಾಬರಿಯ ಅಡ್ರಿನಲಿನ್.

ಅವತ್ತು ಬೆಳಿಗ್ಗೆ ಮೊದಲು ಮಾಡಿದ್ದು ಜಾಗದ ತಯಾರಿ. ಹಟ್ಟಿಯ ಪಾಗಾರ ಮತ್ತು ತೋಟದ ಬೇಲಿ ಸೇರುವ ಮೂಲೆಯಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಕಟ್ಟಿ ಸುಮಾರು 12 ಅಡಿ ಅಗಲ, 15 ಅಡಿ ಉದ್ದದ ಆವರಣ ಮಾಡಿಕೊಂಡೆವು. ಅದಕ್ಕಿಂತ ದೊಡ್ಡದಾದರೆ ದನ ಓಡುತ್ತಲೇ ಇರುತ್ತದೆ, ನಾವು ಅಟ್ಟುತ್ತಲೇ ಇರುತ್ತೇವೆ. ತೀರ ಚಿಕ್ಕದಾದರೆ ನಮ್ಮಿಂದ ದೂರ ಸರಿಯಲು ಅದಕ್ಕೆ ಜಾಗವಿಲ್ಲದೆ ಮೈಮೇಲೆ ಬರುತ್ತದೆ ಅಥವಾ ಬೇಲಿ ಹಾರುತ್ತದೆ. ಗಿಡ್ಡ ಹಾರುವುದರಲ್ಲಿ ನಿಸ್ಸೀಮ. ಆದ್ದರಿಂದ ಎತ್ತರ ಐದು ಅಡಿ, ಮೇಲಿನ ದಬ್ಬೆ ದಪ್ಪದ್ದು. ದಬ್ಬೆಯ ಸಿಬಿರು ಕಣ್ಣಿಗೆ ಚುಚ್ಚದಂತೆ ಒಳಬದಿಯನ್ನು ಕತ್ತಿಯಿಂದ ಹೆರೆದು ನಯ ಮಾಡಬೇಕು. ನೆಲಕ್ಕೆ ಎರಡು ಬುಟ್ಟಿ ತರಗೆಲೆ ಹರಡಿದೆವು. ಸೊಪ್ಪಿನ ಹಟ್ಟಿಯ ಮೆತ್ತನೆ ನೆಲದಲ್ಲಿ ಬೆಳೆದ ದನ ಸಿಮೆಂಟಿನ ಮೇಲೆ ಒಮ್ಮೆ ಜಾರಿದರೆ ಆಮೇಲೆ ಕಾಲೂರಲು ಹೆದರುತ್ತದೆ. ಆ ಹೆದರಿಕೆಯನ್ನು ನಾವು ಹಟ ಎಂದುಕೊಳ್ಳುತ್ತೇವೆ.

ಆಮೇಲೆ ದನದ ಕಣ್ಣಿನ ಎತ್ತರಕ್ಕೆ ಬಾಗಿ ಒಮ್ಮೆ ಸುತ್ತ ನೋಡಬೇಕು. ಗಾಳಿಗೆ ಪಟಪಟ ಎನ್ನುವ ನೀಲಿ ಟರ್ಪಾಲು, ಬೇಲಿಯ ಮೇಲೆ ಒಣಗಲು ಹಾಕಿದ ಬಟ್ಟೆ, ತೂಗುವ ಸರಪಳಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ದನದ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಅದಕ್ಕೆ 300 ಡಿಗ್ರಿಗಿಂತಲೂ ಹೆಚ್ಚು ಕಾಣುತ್ತದೆ. ಬಾಲದ ನೇರ ಹಿಂದೆ ಮಾತ್ರ ಕಾಣದು. ಟರ್ಪಾಲು, ಬಟ್ಟೆ ತೆಗೆದೆವು. ನಾಯಿಯನ್ನು ಮನೆಯ ಆಚೆ ಬದಿಗೆ ಕಟ್ಟಿದ್ದಾಯಿತು.

ಕೆಂಪಿಯನ್ನು ಒಬ್ಬಳೇ ಒಳಗೆ ತರಲಿಲ್ಲ. ಇದು ತಪ್ಪಬಾರದ ಮಾತು. ಹಿಂಡಿನ ಪ್ರಾಣಿಗೆ ಒಂಟಿಯಾಗುವುದಕ್ಕಿಂತ ದೊಡ್ಡ ಭಯವಿಲ್ಲ. ಹಟ್ಟಿಯ ಹಳೆಯ, ಸಾಧು ಸ್ವಭಾವದ ದನವನ್ನು ಮೊದಲು ಒಳಗೆ ಬಿಟ್ಟು ಬೈಹುಲ್ಲು ಹಾಕಿದರು. ಕೆಂಪಿ ತಾನಾಗಿ ಹಿಂದೆ ಬಂತು. ಯಾರೂ "ಹೈ ಹೈ" ಎನ್ನಲಿಲ್ಲ, ಕೋಲು ಬೀಸಲಿಲ್ಲ.

ಇನ್ನು ಹತ್ತಿರ ಹೋಗುವ ಕ್ರಮ. ಪ್ರತಿ ದನಕ್ಕೂ ತನ್ನ ಸುತ್ತ ಒಂದು ಗೆರೆ ಇರುತ್ತದೆ. ಆ ಗೆರೆ ದಾಟಿದರೆ ಅದು ಸರಿಯುತ್ತದೆ. ಕೆಂಪಿಯ ಗೆರೆ ಸುಮಾರು ಎಂಟು ಅಡಿ ದೂರದಲ್ಲಿತ್ತು. ನೇರ ಎದುರಿನಿಂದಲೂ ಹೋಗಬಾರದು, ಹಿಂದಿನಿಂದಲೂ ಹೋಗಬಾರದು. ಭುಜದ ಕಡೆಗೆ, ಸ್ವಲ್ಪ ಬಾಗಿದ ದಾರಿಯಲ್ಲಿ, ಮೈ ಓರೆಯಾಗಿಸಿ, ಕೈ ಕೆಳಗೆ ಬಿಟ್ಟು ನಡೆಯಬೇಕು. ಭುಜದಿಂದ ಹಿಂದಕ್ಕೆ ನಿಂತರೆ ದನ ಮುಂದೆ ಹೋಗುತ್ತದೆ, ಭುಜದಿಂದ ಮುಂದಕ್ಕೆ ನಿಂತರೆ ಹಿಂದೆ ಸರಿಯುತ್ತದೆ. ಇದೊಂದು ತಿಳಿದರೆ ಅರ್ಧ ಗಲಾಟೆ ಉಳಿಯುತ್ತದೆ.

ಗೆರೆಯ ಅಂಚಿಗೆ ಬಂದಾಗ ಕೆಂಪಿ ತಲೆ ಎತ್ತಿತು, ಒಂದು ಕಿವಿ ನಮ್ಮ ಕಡೆ ತಿರುಗಿತು, ಮೇಯುವುದು ನಿಂತಿತು. ಅಲ್ಲೇ ನಿಲ್ಲಬೇಕು. ಎಲ್ಲರೂ ಅವಸರ ಮಾಡುವುದೂ ಅಲ್ಲೇ. ಕಣ್ಣಿನ ಬಿಳಿ ಕಂಡರೆ, ಬಾಲ ಬಿಗಿಯಾದರೆ, ತೆಳ್ಳಗೆ ಸಗಣಿ ಹಾಕಿದರೆ ಆಗಲೇ ಹೆಚ್ಚು ಹತ್ತಿರ ಬಂದಿದ್ದೇವೆ ಎಂದರ್ಥ. ನಿಂತು ಕಾದೆವು. ಕೆಂಪಿ ಮುಖ ನಮ್ಮ ಕಡೆ ತಿರುಗಿಸಿ ಮೂಗು ಅರಳಿಸಿ ಉಸಿರು ಎಳೆದ ಕ್ಷಣಕ್ಕೆ ಎರಡು ಹೆಜ್ಜೆ ಹಿಂದೆ ಸರಿದೆವು. ಅದಕ್ಕೆ ಕೊಡುವ ಮೊದಲ ಬಹುಮಾನ ಹಿಂಡಿಯಲ್ಲ, ಈ ದೂರ. ತಾನು ಶಾಂತವಾಗಿ ನಿಂತರೆ ಮನುಷ್ಯರು ಹಿಂದೆ ಸರಿಯುತ್ತಾರೆ ಎಂಬುದು ಅದಕ್ಕೆ ತಿಳಿಯಬೇಕು. ಒಂದೆರಡು ಸೆಕೆಂಡಿನೊಳಗೆ ಸರಿಯದಿದ್ದರೆ ಯಾವುದಕ್ಕೆ ಬಹುಮಾನ ಸಿಕ್ಕಿತು ಎಂದು ದನಕ್ಕೆ ಗೊತ್ತಾಗುವುದಿಲ್ಲ. ಹೀಗೆ ಮುಂದೆ ಹೋಗಿ ಹಿಂದೆ ಬಂದು ಮಾಡುತ್ತ ಎಂಟು ಅಡಿಯ ಗೆರೆ ಮೂರು ಅಡಿಗೆ ಇಳಿಯಿತು.

"ಅಷ್ಟೊತ್ತು ಯಾಕೆ, ಹಿಂಡಿ ತೋರಿಸಿದರೆ ಬರುವುದಿಲ್ಲವಾ?" ಎಂದು ಆ ಮನೆಯ ಅಕ್ಕ ಕೇಳಿದರು.

"ಬರುತ್ತದೆ ಅಕ್ಕ. ಆದರೆ ಹಿಂಡಿಗೆ ಬರುತ್ತದೆ, ನಿಮ್ಮ ಹತ್ತಿರ ಬರುವುದಿಲ್ಲ. ಬುಟ್ಟಿ ಖಾಲಿಯಾದ ಕೂಡಲೇ ಓಡುತ್ತದೆ."

ಹಿಂಡಿ ಬೇಡವೆಂದಲ್ಲ. ನೆಲಗಡಲೆ ಹಿಂಡಿ, ಬೂಸಾ ಸೇರಿಸಿ ಒಟ್ಟು 200 ಗ್ರಾಂ ಇಟ್ಟುಕೊಂಡಿದ್ದೆವು, ಒಮ್ಮೆಗೆ ಅರ್ಧ ಮುಷ್ಟಿ. ಹುಲ್ಲು ಮೇದು ಬೆಳೆದ ಹೊಟ್ಟೆಗೆ ಒಮ್ಮೆಲೇ ಹೆಚ್ಚು ಹಿಂಡಿ ಬಿದ್ದರೆ ಹೊಟ್ಟೆಯಲ್ಲಿ ಹುಳಿಯಾಗುತ್ತದೆ, ಉಬ್ಬರ ಬರುತ್ತದೆ. ಕೊಟ್ಟಿದ್ದು ಅಡಿಕೆ ಹಾಳೆಯಲ್ಲಿ, ಅಂಗೈಯಲ್ಲಲ್ಲ. ಅಂಗೈಯಿಂದ ತಿಂದು ಅಭ್ಯಾಸವಾದ ದನ ಕೊನೆಗೆ ಜೇಬಿಗೆ, ಸೊಂಟಕ್ಕೆ ತಲೆ ಹಾಕಿ ದೂಡಲು ಕಲಿಯುತ್ತದೆ.

ಮುಟ್ಟಲು ಐದು ಅಡಿಯ ಬಿದಿರು ಕೋಲಿನ ತುದಿಗೆ ಹಳೆ ಪಂಚೆಯ ತುಂಡು ಸುತ್ತಿದ್ದೆವು. ಒದೆ ಬಿದ್ದರೂ ಕೋಲಿಗೆ ಬೀಳಲಿ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು, ದೂರದಿಂದ ಮುಟ್ಟಿದರೆ ನಾವೂ ಉದ್ವೇಗವಿಲ್ಲದೆ ಇರಬಹುದು. ಮೊದಲು ಭುಜ, ಆಮೇಲೆ ಬೆನ್ನು. ಮುಖ, ಮೂಗು, ಕಿವಿ ಎಲ್ಲಕ್ಕಿಂತ ಕೊನೆಗೆ. ನಮ್ಮವರು ಪ್ರೀತಿಯಿಂದ ಮೊದಲು ಮುಟ್ಟುವುದೇ ಹಣೆಯನ್ನು, ದನಕ್ಕೆ ಅದು ಹಿಡಿಸುವುದಿಲ್ಲ. ಕಣ್ಣಿಗೆ ನೇರ ಬರುವ ಕೈಯನ್ನು ಅದು ಹೊಡೆತವೆಂದೇ ಎಣಿಸುತ್ತದೆ. ತಟ್ಟುವುದೂ ಬೇಡ. ದನಗಳು ಒಂದನ್ನೊಂದು ನೆಕ್ಕುವುದು ಕುತ್ತಿಗೆ, ಗಂಗೆದೊಗಲು (ಕುತ್ತಿಗೆಯ ಕೆಳಗೆ ಜೋಲುವ ಚರ್ಮ), ಭುಜದ ಮೇಲೆ. ಆ ಜಾಗಗಳನ್ನು ಉಗುರಿನಿಂದ, ನಾಲಗೆಯ ಒರಟುತನ ಬರುವಂತೆ ನಿಧಾನ ಕೆರೆಯಬೇಕು. ಗಂಗೆದೊಗಲು ಕೆರೆದಾಗ ಕೆಂಪಿ ಕುತ್ತಿಗೆ ಉದ್ದ ಮಾಡಿತು, ಕೆಳತುಟಿ ಜೋತುಬಿತ್ತು, ಸ್ವಲ್ಪ ಹೊತ್ತಿಗೆ ಮೆಲುಕು ಹಾಕಲು ಶುರುಮಾಡಿತು. ಹೆದರಿದ ದನ ಮೆಲುಕು ಹಾಕುವುದಿಲ್ಲ. ಹಗ್ಗ ಕೈಗೆತ್ತಿಕೊಳ್ಳಲು ಅದೇ ಸಮಯ.

ಹಗ್ಗ ಹತ್ತಿಯದ್ದು, 12 ಮಿ.ಮೀ. ದಪ್ಪ, 12 ಅಡಿ ಉದ್ದ. ನೈಲಾನ್ ಹಗ್ಗ ಎಳೆದಾಟದಲ್ಲಿ ಚರ್ಮವನ್ನೂ ನಮ್ಮ ಅಂಗೈಯನ್ನೂ ಸುಡುತ್ತದೆ. ತೆಂಗಿನ ನಾರಿನದ್ದು ಮುಖದ ಎಳೆ ಚರ್ಮಕ್ಕೆ ಒರಟಾಯಿತು. ಕುತ್ತಿಗೆಗೆ ಜಾರುಗಂಟು ಹಾಕಲಿಲ್ಲ, ಮುಖಕ್ಕೆ ಹಾಕುವ ಹಾಲ್ಟರ್ ಕಟ್ಟಿದೆವು. ಮೂಗಿನ ಪಟ್ಟಿ ಕೂರುವ ಜಾಗ ಬಹಳ ಮುಖ್ಯ. ಕಣ್ಣಿನ ಕೆಳಗೆ ಎರಡು ಮೂರು ಬೆರಳು ಬಿಟ್ಟು ಗಟ್ಟಿ ಎಲುಬಿನ ಮೇಲೆ ಕೂರಬೇಕು. ಕೆಳಗೆ ಜಾರಿ ಹೊಳ್ಳೆಯ ಮೇಲಿನ ಮೆತ್ತನೆ ಭಾಗಕ್ಕೆ ಬಂದರೆ ಉಸಿರು ಕಟ್ಟುತ್ತದೆ, ದನ ಹುಚ್ಚೆದ್ದು ಹಾರುತ್ತದೆ, ತಪ್ಪು ದನದ್ದಾಗುತ್ತದೆ. ದಕ್ಷಿಣ ಅಮೆರಿಕದ ಒಂಟೆ ಜಾತಿಯ ಲಾಮಾ, ಅಲ್ಪಾಕಾ ಸಾಕುವ ಕಡೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು, ಏಕೆಂದರೆ ಅವುಗಳ ಮೂಗಿನ ಎಲುಬು ಗಿಡ್ಡ, ಉಸಿರಾಟವೂ ಮುಖ್ಯವಾಗಿ ಮೂಗಿನಿಂದಲೇ. ಅಲ್ಲೂ ಚಿಕ್ಕ ಆವರಣ, ಜೊತೆಗೊಂದು ಪ್ರಾಣಿ, ಕುತ್ತಿಗೆ ಅಪ್ಪಿ ಹಿಡಿಯದಿರುವುದು ಇವೇ ಮೂಲ ಪಾಠಗಳು.

ಹಗ್ಗವನ್ನು ಮೊದಲು ಬೆನ್ನ ಮೇಲೆ ಹಾಕಿ ತೆಗೆದೆವು, ಆಮೇಲೆ ಕುತ್ತಿಗೆಯ ಮೇಲೆ. ಕಿವಿಯ ಹಿಂದಿನ ಸುತ್ತು ಮೊದಲು, ಮೂಗಿನದ್ದು ನಂತರ. ಹಾಕಿದ ಕೂಡಲೇ ಕಂಬಕ್ಕೆ ಬಿಗಿಯಲಿಲ್ಲ. ತುದಿಯನ್ನು ಕಂಬಕ್ಕೆ ಒಂದೇ ಸುತ್ತು ಸುತ್ತಿ ಕೈಯಲ್ಲೇ ಹಿಡಿದದ್ದು. ಕೆಂಪಿ ಹಿಂದಕ್ಕೆ ಜಗ್ಗಿದಾಗ ಹಗ್ಗ ಸ್ವಲ್ಪ ಬಿಟ್ಟುಕೊಟ್ಟಿತು, ಅದು ಒಂದು ಹೆಜ್ಜೆ ಮುಂದೆ ಬಂದ ಕೂಡಲೇ ಪೂರ್ತಿ ಸಡಿಲವಾಯಿತು. ಜಗ್ಗಿದರೆ ಬಿಗಿ, ಮುಂದೆ ಬಂದರೆ ಸಡಿಲ, ಕಲಿಯಬೇಕಾದದ್ದು ಇಷ್ಟೇ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಬೆರಳು ತುಂಡಾದದ್ದುಂಟು. ಮುಂದೆ ಕಟ್ಟುವ ಹಂತಕ್ಕೆ ಬಂದಾಗ ತುದಿ ಎಳೆದರೆ ಬಿಚ್ಚುವ ಗಂಟು ಇರಲಿ, ದನದ ಕಣ್ಣಿನ ಎತ್ತರಕ್ಕೆ, ಎರಡು ಅಡಿಯಷ್ಟೇ ಉದ್ದ ಬಿಟ್ಟು. ಕೆಳಗೆ ಉದ್ದ ಬಿಟ್ಟು ಕಟ್ಟಿದರೆ ಕಾಲು ಸಿಕ್ಕಿಕೊಳ್ಳುತ್ತದೆ. ಹೊಸದಾಗಿ ಕಟ್ಟಿದ ದನವನ್ನು ಬಿಟ್ಟು ಚಹಾ ಕುಡಿಯಲು ಹೋಗಬಾರದು.

ಕೆಂಪಿ ಸಡಿಲ ಹಗ್ಗದಲ್ಲಿ ಸುಮ್ಮನೆ ನಿಂತ ಕೂಡಲೇ ಹಾಲ್ಟರ್ ತೆಗೆದು ಎರಡೂ ದನಗಳನ್ನು ಗುಡ್ಡೆಗೆ ಬಿಟ್ಟರು. ಇನ್ನೂ ಸ್ವಲ್ಪ ಕಲಿಸೋಣ ಎಂಬ ಆಸೆ ಬರುವುದೇ ಆಗ, ಅದಕ್ಕೆ ಬಲಿಯಾಗಬಾರದು. ಪಾಠ 10ರಿಂದ 15 ನಿಮಿಷ, ದಿನಕ್ಕೆ ಎರಡು ಸಲ, ನಡುವೆ ಸಾಕಷ್ಟು ಬಿಡುವು. ಸಂಜೆಯ ಪಾಠದಲ್ಲಿ ಹಾಲ್ಟರ್ ಹಾಕಿ, ಕುತ್ತಿಗೆಯ ಬದಿಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಪೆನ್ನಿನ ಮುಚ್ಚಳದಿಂದ ಒತ್ತಿ, ಬಿಟ್ಟು, ಕೆರೆದು, ಅರ್ಧ ಮುಷ್ಟಿ ಹಿಂಡಿ ಕೊಟ್ಟದ್ದು ಸೂಜಿಗೆ ತಯಾರಿ. ಇದನ್ನು ಲಸಿಕೆಯ ದಿನದವರೆಗೂ ಮಾಡಬೇಕು.

2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಈ ಲಸಿಕೆ ಬರುತ್ತದೆ. ಪ್ರತಿ ದನಕ್ಕೆ 12 ಅಂಕಿಯ ಕಿವಿಯೋಲೆಯೂ ಆಗಬೇಕು. ಓಲೆ ಚುಚ್ಚುವಾಗ ನೋವಾಗುವುದು ಖಂಡಿತ. ಆಗ ಅರೆಮನಸ್ಸಿನಿಂದ ಹಿಡಿಯುವುದು ದನಕ್ಕೆ ಉಪಕಾರವಲ್ಲ. ತಲೆಯನ್ನು ಗಟ್ಟಿಯಾಗಿ, ಅಲುಗದಂತೆ ಹಿಡಿದು ಒಂದೇ ಸಲಕ್ಕೆ ಮುಗಿಸಬೇಕು. ಕಿವಿಯ ನಡುಭಾಗದಲ್ಲಿ, ಎರಡು ಉಬ್ಬುಗೆರೆಗಳ ನಡುವೆ ಚುಚ್ಚಿದರೆ ರಕ್ತ ಕಡಿಮೆ. ತುದಿಗೆ ಚುಚ್ಚಿದ ಓಲೆ ಮುಳ್ಳುಬೇಲಿಗೆ ಸಿಕ್ಕಿ ಕಿವಿ ಹರಿಯುತ್ತದೆ. ದಿನಾ ಹಾಲು ಕರೆಯುವವರು ಅವತ್ತು ತಲೆ ಹಿಡಿಯುವುದು ಬೇಡ, ಬೇರೆಯವರು ಹಿಡಿಯಲಿ. ಹಗ್ಗ ಕಲಿಸಿದ ಆವರಣದಲ್ಲೂ ಬೇಡ.

ಗಂಡು ಕರುವಿನ ವಿಷಯದಲ್ಲಿ ಒಂದು ಮಾತು. ತಾಯಿ ಸತ್ತ ಗಂಡು ಕರುವನ್ನು ಬಾಟಲಿ ಹಾಲು ಕೊಟ್ಟು, ಮನೆಯೊಳಗೆ ಬಿಟ್ಟು, ಮಕ್ಕಳ ಜೊತೆ ಹಣೆ ಗುದ್ದಾಡಿಸಿ ಬೆಳೆಸಿದರೆ ಅದು ಮನುಷ್ಯರನ್ನೇ ತನ್ನ ಹಿಂಡು ಎಂದುಕೊಳ್ಳುತ್ತದೆ, ದೊಡ್ಡದಾದ ಮೇಲೆ ಮನುಷ್ಯರನ್ನೇ ಕಾದಾಟಕ್ಕೆ ಕರೆಯುತ್ತದೆ. ಬಾಟಲಿಯಲ್ಲಿ ಬೆಳೆದ ಗಂಡು ಲಾಮಾ ಯಜಮಾನನ ಮೇಲೇ ಎರಗುವುದೂ ಇದೇ ಕಾರಣಕ್ಕೆ. ಹಾಲು ಕೊಡಿ, ಆದರೆ ಹಟ್ಟಿಯಲ್ಲಿ, ಬೇರೆ ಕರುಗಳ ನಡುವೆ ಕೊಡಿ.

ಕೆಂಪಿಯ ಮುಂದಿನ ಪಾಠ ಕೆಚ್ಚಲಿನದು. ಗಬ್ಬ ನಿಂತು ಆರನೆಯ ತಿಂಗಳಿನಿಂದ ದಿನಾ ಒಂದೆರಡು ನಿಮಿಷ, ಬೆನ್ನಿನಿಂದ ಪಕ್ಕೆಗೆ, ಪಕ್ಕೆಯಿಂದ ತೊಡೆಗೆ, ಅಲ್ಲಿಂದ ಕೆಚ್ಚಲಿಗೆ ಕೈ ಜಾರಿಸುತ್ತ ಹೋಗಬೇಕು. ಕಾಲೆತ್ತಿದರೆ ಕೈ ತಟಕ್ಕನೆ ತೆಗೆಯದೆ ಅಲ್ಲೇ ಹಗುರಾಗಿ ಇರಿಸಿ, ಕಾಲು ಊರಿದ ಮೇಲೆ ತೆಗೆಯಬೇಕು. ಮೊಲೆ ಹಿಂಡಬಾರದು, ಹೆರಿಗೆಗೆ ಮೊದಲು ತೊಟ್ಟಿನ ಬಾಯಿ ತೆರೆದರೆ ಕೆಚ್ಚಲು ಬಾವು ರೋಗಕ್ಕೆ ದಾರಿ. ಬರಿದೇ ಕೈಯಿಟ್ಟು ತೆಗೆಯುವುದು ಸಾಕು.